ಎಂ.ಆರ್.ಪಿ.ಗೆ ಎರಡು ಅರ್ಥ ಬೇಡ: ಟಿ.ವಿ. ಚಂದಾ ಮತ್ತು ಕಾಣದ ಶುಲ್ಕಗಳು

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವರ್ತಕನಿಗೆ ಎಂ.ಆರ್.ಪಿ. ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪೊಟ್ಟಣದ ಮೇಲೆ ಮುದ್ರಿತವಾಗಿರುವ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡದ್ದು. ಅದರ ಮೇಲೆ ಒಂದು ರೂಪಾಯಿ ಹೆಚ್ಚು ಪಡೆದರೂ ಕಾನೂನು ಮಾಪನ ಇಲಾಖೆಯ ಅಧಿಕಾರಿಗಳಿಗೆ ಉತ್ತರ ಹೇಳಬೇಕಾಗುತ್ತದೆ. ಪೊಟ್ಟಣ ಸಾಮಗ್ರಿಗಳ ಕುರಿತ 2011ರ ನಿಯಮಗಳು ವಿಧಿಸಿರುವ ಈ ಶಿಸ್ತಿಗೆ ನಮ್ಮ ಸದಸ್ಯರು ಬಹುಕಾಲದಿಂದ ಒಗ್ಗಿಕೊಂಡಿದ್ದಾರೆ. ಆದರೆ ಅದೇ ವರ್ತಕ ಸಂಜೆ ಮನೆಗೆ ಹೋಗಿ ಟಿ.ವಿ. ಮುಂದೆ ಕುಳಿತಾಗ ಅದೇ ಮೂರಕ್ಷರಕ್ಕೆ ಬೇರೆ ಅರ್ಥ ಬಂದಿರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿದ ದರ ಆದೇಶದಲ್ಲಿ ವಾಹಿನಿಯ ಎಂ.ಆರ್.ಪಿ. ಎಂದರೆ ತೆರಿಗೆಯನ್ನು ಹೊರತುಪಡಿಸಿದ ಗರಿಷ್ಠ ಬೆಲೆ. ಸಾಮಾನ್ಯ ಗ್ರಾಹಕನಿಗೆ ಈ ವ್ಯತ್ಯಾಸ ತಿಳಿಯುವುದು ಹಣ ಕಳೆದುಕೊಂಡ ನಂತರ.

ಕಳೆದ ವರ್ಷ ವರ್ತಕರೊಬ್ಬರ ಬ್ಯಾಂಕ್ ಖಾತೆಯ ವಿವರಗಳನ್ನು ಪರಿಶೀಲಿಸುತ್ತಿದ್ದಾಗ ಪ್ರತಿ ತಿಂಗಳೂ ರೂ. 354 ಕಡಿತವಾಗುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ವಿಚಾರಿಸಿದಾಗ ಅದು ಮನೆಯ ಟಿ.ವಿ. ಚಂದಾ ಎಂದರು. ಆದರೆ ಸದರಿ ಸೇವಾದಾರರನ್ನು ಬಿಟ್ಟು ಏಳು ತಿಂಗಳಾಗಿತ್ತು. ಹಳೆಯ ಸೆಟ್ ಟಾಪ್ ಬಾಕ್ಸ್ ಅಟ್ಟ ಸೇರಿತ್ತು. ಹಣ ತಾನಾಗಿಯೇ ಪಾವತಿಯಾಗಲೆಂದು ಹಿಂದೊಮ್ಮೆ ಕೊಟ್ಟಿದ್ದ ಅನುಮತಿಯನ್ನು ಮಾತ್ರ ಅವರು ರದ್ದುಪಡಿಸಿರಲಿಲ್ಲ. ಏಳು ತಿಂಗಳಿಗೆ ರೂ. 2,478 ನಷ್ಟ.

ಅವರು ಸೇವಾದಾರರನ್ನು ಬದಲಿಸಿದ್ದೇ ಉಳಿತಾಯಕ್ಕಾಗಿ. ‘ತಿಂಗಳಿಗೆ ಇನ್ನೂರು ರೂಪಾಯಿ’ ಎಂದು ಹೊಸ ಕಂಪನಿಯ ಪ್ರತಿನಿಧಿ ಹೇಳಿದ್ದರು. ಬಿಲ್ಲು ಬಂದಾಗ ವಾಹಿನಿಗಳ ಪ್ಯಾಕಿಗೆ ರೂ. 200, ಎನ್.ಸಿ.ಎಫ್. ಎಂಬ ಹೆಸರಿನ ಜಾಲ ಶುಲ್ಕ ರೂ. 130, ಇವೆರಡರ ಮೇಲೆ ಶೇ. 18ರಂತೆ ಜಿ.ಎಸ್.ಟಿ. ರೂ. 59.40, ಒಟ್ಟು ರೂ. 389.40. ತಿಂಗಳಿಗೆ ರೂ. 154 ಉಳಿಯುವುದೆಂದು ಹೊರಟವರು ರೂ. 35.40 ಹೆಚ್ಚು ಕೊಡತೊಡಗಿದ್ದರು. ಅಳವಡಿಕೆಗೆಂದು ಮೊದಲ ದಿನ ಕೊಟ್ಟ ಹಣ ಇದರಲ್ಲಿ ಸೇರಿಲ್ಲ. ಪ್ರತಿನಿಧಿ ಹೇಳಿದ್ದು ಸುಳ್ಳೇನಲ್ಲ. ಪ್ಯಾಕಿನ ಬೆಲೆ ಇನ್ನೂರೇ. ಆದರೆ ಅಷ್ಟನ್ನೇ ಕೊಟ್ಟು ಯಾರೂ ಟಿ.ವಿ. ನೋಡಲಾರರು.

ಈ ಸ್ಥಿತಿ ಹೇಗೆ ಬಂತೆಂಬುದನ್ನು ಸಂಕ್ಷೇಪವಾಗಿ ನೋಡೋಣ. ನೋಡುವ ವಾಹಿನಿಗೆ ಮಾತ್ರ ಹಣ ಕೊಡಿ ಎಂಬ ತತ್ವದ ಹೊಸ ದರ ಪದ್ಧತಿ 2019ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಆಗ 100 ವಾಹಿನಿಗಳಿಗೆ ಜಾಲ ಶುಲ್ಕದ ಮಿತಿ ತೆರಿಗೆ ಹೊರತು ರೂ. 130. 2020ರ ತಿದ್ದುಪಡಿಯಲ್ಲಿ ಅದೇ ರೂ. 130ಕ್ಕೆ 200 ವಾಹಿನಿಗಳೆಂದೂ, ಅದಕ್ಕೂ ಮೇಲ್ಪಟ್ಟರೆ ರೂ. 160ನ್ನು ಮೀರಬಾರದೆಂದೂ, ಒಂದೇ ಮನೆಯ ಎರಡನೆಯ ಟಿ.ವಿ.ಗೆ ಈ ಶುಲ್ಕದ ಶೇ. 40ಕ್ಕಿಂತ ಹೆಚ್ಚು ಪಡೆಯಬಾರದೆಂದೂ ವಿಧಿಸಲಾಯಿತು. ಅಳವಡಿಕೆಗೆ ರೂ. 350, ಸಂಪರ್ಕ ಚಾಲನೆಗೆ ರೂ. 100 ಎಂಬ ಮಿತಿಗಳೂ 2017ರ ನಿಯಮಗಳಲ್ಲಿದ್ದವು. 2024ರ ಜುಲೈ 8ರ ತಿದ್ದುಪಡಿಗಳು ಜಾಲ ಶುಲ್ಕದ ಮಿತಿಯನ್ನು ತೆಗೆದುಹಾಕಿದವು. ಅಳವಡಿಕೆ, ಚಾಲನೆ, ದುರಸ್ತಿಗಾಗಿ ಭೇಟಿ, ಸ್ಥಳಾಂತರ, ತಾತ್ಕಾಲಿಕ ಸ್ಥಗಿತ ಇವುಗಳ ಶುಲ್ಕಗಳನ್ನೂ ಸೇವಾದಾರರ ವಿವೇಚನೆಗೇ ಬಿಟ್ಟವು. ಈ ದರಗಳನ್ನು ಪ್ರಕಟಿಸಬೇಕೆಂಬ ಹೊಣೆಯನ್ನು ಮಾತ್ರ ಸೇವಾದಾರರ ಮೇಲಿರಿಸಲಾಗಿದೆ.

ಬೆಲೆ ನಿಯಂತ್ರಣವನ್ನು ಮರಳಿ ತರಬೇಕೆಂಬುದು ನನ್ನ ವಾದವಲ್ಲ. ಪೈಪೋಟಿಯಿರುವ ಮಾರುಕಟ್ಟೆಯಲ್ಲಿ ಬೆಲೆಯನ್ನು ವ್ಯಾಪಾರಿಯೇ ನಿರ್ಧರಿಸಲಿ. ಆದರೆ ಪೈಪೋಟಿ ನಡೆಯಬೇಕಾದರೆ ಎರಡು ಬೆಲೆಗಳನ್ನು ಗ್ರಾಹಕನು ಅಕ್ಕಪಕ್ಕದಲ್ಲಿಟ್ಟು ನೋಡುವಂತಿರಬೇಕು. ಒಬ್ಬರು ಜಾಲ ಶುಲ್ಕವನ್ನು ಸೇರಿಸಿ ಹೇಳಿ, ಇನ್ನೊಬ್ಬರು ಬಿಟ್ಟು ಹೇಳಿ, ಮೂರನೆಯವರು ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಹೇಳಿದರೆ ಲೆಕ್ಕ ಬಲ್ಲವನೂ ತಬ್ಬಿಬ್ಬಾಗುತ್ತಾನೆ. ಮಿತಿಯಿದ್ದಾಗ ಗ್ರಾಹಕನು ಮೈಮರೆತರೂ ಹೋಗುವ ಹಣಕ್ಕೆ ಒಂದು ಎಲ್ಲೆಯಿತ್ತು. ಈಗ ಆ ಎಲ್ಲೆಯಿಲ್ಲ. ಆದ್ದರಿಂದಲೇ ಪಾರದರ್ಶಕತೆಯ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ.

ವಾಹಿನಿಗಳ ಗುಚ್ಛದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಬಿಡಿ ವಾಹಿನಿಗಳ ಒಟ್ಟು ಬೆಲೆಯ ಮೇಲೆ ಶೇ. 45ರವರೆಗೆ ರಿಯಾಯಿತಿ ಕೊಡಲು ಅವಕಾಶವಿದೆ. ಹತ್ತು ವಾಹಿನಿಗಳ ಬಿಡಿ ಬೆಲೆ ಒಟ್ಟು ರೂ. 100 ಆಗಿದ್ದರೆ ಗುಚ್ಛವು ರೂ. 55ಕ್ಕೆ ದೊರೆಯಬಹುದು. ಆದರೆ ಆ ಹತ್ತರಲ್ಲಿ ಮನೆಯವರು ನೋಡುವುದು ರೂ. 40 ಬೆಲೆಯ ನಾಲ್ಕನ್ನು ಮಾತ್ರವಾದರೆ ಆ ರಿಯಾಯಿತಿಯೇ ರೂ. 15ರ ನಷ್ಟ. ತೆರಿಗೆ ಸೇರಿ ವರ್ಷಕ್ಕೆ ಅದು ರೂ. 212.40 ಆಗುತ್ತದೆ. ಇಂಥ ಮೂರು ನಾಲ್ಕು ಗುಚ್ಛಗಳು ಒಂದೇ ಮನೆಯಲ್ಲಿದ್ದರೆ ಹನಿಗೂಡಿ ಹಳ್ಳವಾದಂತೆ. ಹಾಗೆಂದು ಗುಚ್ಛ ಯಾವಾಗಲೂ ನಷ್ಟವೆಂದಲ್ಲ. ಆರೇಳು ವಾಹಿನಿಗಳನ್ನು ನಿಜವಾಗಿ ನೋಡುವ ಮನೆಗೆ ಅದೇ ಅಗ್ಗವಾಗಬಹುದು. ಮನೆಯವರನ್ನು ಕೇಳಿ ಪಟ್ಟಿ ಮಾಡಿ ಕೂಡಿಸಿ ನೋಡುವುದಕ್ಕೆ ಅರ್ಧ ಗಂಟೆ ಸಾಕು.

ಸೇವಾದಾರರನ್ನು ಬದಲಿಸುವವರು ಸರಬರಾಜುದಾರರಿಂದ ಸರಕು ತರಿಸುವಾಗಿನ ಜಾಗ್ರತೆಯನ್ನೇ ವಹಿಸಬೇಕು. ಮೊದಲನೆಯದಾಗಿ, ‘ಎಲ್ಲ ಸೇರಿ ಮೊದಲ ತಿಂಗಳು ಎಷ್ಟು, ಎರಡನೆಯ ತಿಂಗಳಿನಿಂದ ಎಷ್ಟು’ ಎಂದು ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಮೊಬೈಲ್ ಸಂದೇಶವಾದರೂ ಸರಿ. ಎರಡನೆಯದಾಗಿ, ಬಾಕ್ಸ್ ಸ್ವಂತದ್ದೋ ಬಾಡಿಗೆಯದೋ, ಠೇವಣಿಯಿದ್ದರೆ ಅದು ಹಿಂದಿರುಗುವುದು ಯಾವಾಗ, ದುರಸ್ತಿಗೆ ಬಂದವರಿಗೆ ಎಷ್ಟು ಕೊಡಬೇಕು ಎಂಬುದನ್ನು ತಿಳಿಯಬೇಕು. ಮೂರನೆಯದಾಗಿ, ಹಳೆಯ ಖಾತೆಯ ಶಿಲ್ಕು ಮುಗಿಯುವವರೆಗೆ ಕಾದು ಬದಲಿಸಬೇಕು. ವಾರ್ಷಿಕ ಚಂದಾ ಕಟ್ಟಿದ್ದರೆ ಉಳಿದ ತಿಂಗಳುಗಳ ಹಣದ ಗತಿಯೇನೆಂದು ಮೊದಲೇ ವಿಚಾರಿಸಬೇಕು. ನಾಲ್ಕನೆಯದಾಗಿ, ಸ್ವಯಂ ಪಾವತಿಯ ಅನುಮತಿಯನ್ನು ರದ್ದುಪಡಿಸಲೇಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರುತ್ತದೆ. ನನ್ನ ವರ್ತಕ ಮಿತ್ರರಿಗೂ ಏಳು ಸಲ ಬಂದಿತ್ತು. ದಿನಕ್ಕೆ ಬರುವ ನೂರು ಸಂದೇಶಗಳ ನಡುವೆ ಅವರು ಅದನ್ನು ಓದಿರಲಿಲ್ಲ. ಐದನೆಯದಾಗಿ, ಮನರಂಜನಾ ಆ್ಯಪ್‌ಗಳನ್ನು ‘ಉಚಿತ’ವೆಂದು ಸೇರಿಸಿದ್ದರೆ ಅದು ಎಷ್ಟು ತಿಂಗಳು ಉಚಿತವೆಂದು ಕೇಳಿ, ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು.

ಅಂಗಡಿ, ಕಚೇರಿ, ವಸತಿಗೃಹಗಳಲ್ಲಿ ಸಂಪರ್ಕ ಪಡೆದಿರುವ ಸದಸ್ಯರಿಗೆ ಇನ್ನೆರಡು ಮಾತು. ವ್ಯವಹಾರಕ್ಕೆ ಬಳಸುವ ಸಂಪರ್ಕದ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬೇಕಾದರೆ ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಇರಬೇಕು. ಮಾಲೀಕರ ಸ್ವಂತ ಮೊಬೈಲಿನಿಂದ ರೀಚಾರ್ಜ್ ಮಾಡಿಸಿ ಈ ಸೌಲಭ್ಯ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆದರೆ ದಿನಕ್ಕೆ ರೂ. 7,500ರವರೆಗಿನ ಬಾಡಿಗೆಯ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಹೂಡುವಳಿ ತೆರಿಗೆ ಜಮಾ ಇಲ್ಲದ ಶೇ. 5ರ ದರ ಅನ್ವಯಿಸುತ್ತಿದೆ. ಆದ್ದರಿಂದ ಇಂಥ ವಸತಿಗೃಹಗಳ ಪಾಲಿಗೆ ಟಿ.ವಿ. ಬಿಲ್ಲಿನ ಶೇ. 18 ಪೂರ್ಣ ವೆಚ್ಚವೇ. ಇಪ್ಪತ್ತು ಮೂವತ್ತು ಕೊಠಡಿಗಳಿರುವವರು ಪ್ರತಿ ಕೊಠಡಿಯ ಶುಲ್ಕವನ್ನು ತೆರಿಗೆ ಸಹಿತವಾಗಿಯೇ ಲೆಕ್ಕ ಹಾಕಿ ಚೌಕಾಸಿ ಮಾಡಬೇಕು.

ಇನ್ನು ಪರಿಹಾರದ ಮಾತು. ಮೊದಲು ಸೇವಾದಾರರ ದೂರು ಕೇಂದ್ರ, ನಂತರ ಅವರ ನೋಡಲ್ ಅಧಿಕಾರಿ, ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಮನೆಯ ಸಂಪರ್ಕಕ್ಕೆ ಈ ಎಲ್ಲ ದಾರಿಗಳೂ ತೆರೆದಿವೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವವರಿಗೆ ಮಾತ್ರ ವಿನಾಯಿತಿ. ಆದಕಾರಣ ನಮ್ಮ ಸದಸ್ಯರಿಗೆ ಸಹಿ ಹಾಕುವ ಮೊದಲಿನ ಎಚ್ಚರವೇ ದೊಡ್ಡ ರಕ್ಷಣೆ.

ಈ ವಿಷಯವನ್ನು ನಮ್ಮ ಸಂಸ್ಥೆ ಟ್ರಾಯ್ ಮುಂದೆ ಮಂಡಿಸಬೇಕೆಂಬುದು ನನ್ನ ವಿನಂತಿ. ಬೇಡಿಕೆಗಳು ಮೂರು. ಒಂದು, ಎಂ.ಆರ್.ಪಿ. ಎಂಬ ಪದಕ್ಕೆ ದೇಶದಲ್ಲಿ ಒಂದೇ ಅರ್ಥವಿರಲಿ. ತೆರಿಗೆ ಸೇರದ ಬೆಲೆಯನ್ನು ಬೇರೆ ಹೆಸರಿನಿಂದ ಕರೆಯಲಿ. ಎರಡು, ಪ್ರತಿ ಪ್ಯಾಕಿನ ಜಾಹೀರಾತಿನಲ್ಲಿಯೂ ಜಾಲ ಶುಲ್ಕ ಮತ್ತು ತೆರಿಗೆ ಸೇರಿದ ಮಾಸಿಕ ಮೊತ್ತವೇ ದೊಡ್ಡ ಅಕ್ಷರದಲ್ಲಿರಲಿ. ಮೂರು, ಸೇವಾದಾರರು ಬದಲಾದರೂ ಅದೇ ಸೆಟ್ ಟಾಪ್ ಬಾಕ್ಸ್ ಬಳಸುವಂತಾಗಲಿ. 2011ರ ಜನವರಿಯಲ್ಲಿಯೇ ದೇಶದಾದ್ಯಂತ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ದೊರೆಯಿತು. ಬಾಕ್ಸ್ ವಿಷಯದಲ್ಲಿಯೂ ಅಂಥ ವ್ಯವಸ್ಥೆಯನ್ನು ಟ್ರಾಯ್ 2020ರ ಏಪ್ರಿಲ್‌ನಲ್ಲಿಯೇ ಶಿಫಾರಸು ಮಾಡಿದ್ದರೂ ಗ್ರಾಹಕರು ಇಂದಿಗೂ ಹಳೆಯ ಬಾಕ್ಸನ್ನು ಅಟ್ಟಕ್ಕೆ ಹಾಕುತ್ತಲೇ ಇದ್ದಾರೆ.

ಈ ಬೇಡಿಕೆಯನ್ನಿಡುವ ಮೊದಲು ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳುವುದು ಒಳ್ಳೆಯದು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಒಂದೊಂದಾಗಿ ಶುಲ್ಕ ಸೇರಿಸುವುದನ್ನು 2023ರ ನವೆಂಬರ್ 30ರಂದು ಪ್ರಕಟವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿವೆ. ಸಾಗಣೆ, ಪ್ಯಾಕಿಂಗ್, ಅಳವಡಿಕೆ ಎಂದು ಬಿಲ್ಲಿನ ಬುಡದಲ್ಲಿ ಸಾಲು ಸೇರಿಸುವ ಅಭ್ಯಾಸ ಟಿ.ವಿ. ಕಂಪನಿಗಳದ್ದು ಮಾತ್ರವಲ್ಲ. ಆ ವರ್ತಕ ಮಿತ್ರರು ಕಡಿತವನ್ನು ನಿಲ್ಲಿಸಿದ ಮೇಲೆ ನನಗೆ ಹೇಳಿದ ಮಾತಿದು: ‘ಸಾರ್, ನಾಳೆಯಿಂದ ನಮ್ಮ ಅಂಗಡಿಯ ಬಿಲ್ಲನ್ನೂ ಒಮ್ಮೆ ಓದಿ ನೋಡಬೇಕು.’ ಅವರು ನಿಜವಾಗಿಯೂ ಓದಿದರು. ಮರುವಾರ ದರಪಟ್ಟಿಯಲ್ಲಿ ‘ಎಲ್ಲ ಸೇರಿ’ ಎಂಬ ಹೊಸ ಕಲಮು ಬಂದಿತ್ತು.