ಖಾನೇಸುಮಾರಿಯ ಗುರುತುಗಳು

ಹಳೆಯ ಖಾನೇಸುಮಾರಿಯ ಕಾಗದಗಳಲ್ಲಿನ ಗುರುತುಗಳನ್ನು ಓದಲು ಕಲಿತರೆ ಅಜ್ಜ ಮುತ್ತಜ್ಜಂದಿರ ವೃತ್ತಾಂತವೆಲ್ಲ ಕೈಗೆ ಸಿಕ್ಕೀತೆಂಬ ಭ್ರಮೆಯು ಮನೆತನದ ಚರಿತ್ರೆಯನ್ನು ಹುಡುಕುವವರಲ್ಲಿ ಹಬ್ಬಿದೆ. ಇಂಗ್ಲಂಡದವರಿಗೆ ಈ ಮಾತು ಸಲ್ಲುವುದು. ಅಲ್ಲಿಯ ಹಳೆಯ ಗಣತಿಯ ಪುಸ್ತಕಗಳಲ್ಲಿ ಎರಡು ಓರೆಗೆರೆ ಕಂಡರೆ ಕಟ್ಟಡ ಮುಗಿಯಿತೆಂದೂ ಒಂದೇ ಗೆರೆ ಕಂಡರೆ ಅದೇ ಕಟ್ಟಡದಲ್ಲಿ ಬೇರೊಂದು ಒಲೆಯೆಂದೂ ತಿಳಿಯಬಹುದು. ನೂರು ವರ್ಷ ಮುಚ್ಚಿಟ್ಟಿದ್ದ 1921ರ ಪುಸ್ತಕಗಳನ್ನು 2022ರಲ್ಲಿ ಅಲ್ಲಿಯ ಪ್ರಜೆಗಳ ಮುಂದೆ ತೆರೆದರು.

ಮೋಟೆಬೆನ್ನೂರಿನವನು ಏನನ್ನು ಓದಬೇಕು? ಇಲ್ಲಿಯೂ ಗುರುತುಗಳಿಗೆ ಕೊರತೆಯಿರಲಿಲ್ಲ. ಗಣತಿಯವನು ಬಾಗಿಲಿಗೆ ಅಂಕೆ ಬರೆದುಹೋಗುತ್ತಿದ್ದನು. 1901ರಿಂದ ಎಣಿಕೆಗಾಗಿ ಆಳಿಗೊಂದು ಚೀಟಿಯಾಯಿತು. ಚೀಟಿಯ ಬಣ್ಣ ಮತವನ್ನೂ, ಅದರ ಮೇಲಣ ಚಿಹ್ನೆ ಗಂಡೋ ಹೆಣ್ಣೋ, ವಿವಾಹಿತರೋ ವಿಧವೆಯೋ ಎಂಬುದನ್ನೂ ಹೇಳುತ್ತಿತ್ತು. ಗುಮಾಸ್ತರು ಅವನ್ನು ವಿಂಗಡಿಸಿ ಎಣಿಸಿದರು. ಕೋಷ್ಟಕ ಸಿದ್ಧವಾದ ಮೇಲೆ ಚೀಟಿಗಳೂ ಹೆಸರಿದ್ದ ಪಟ್ಟಿಗಳೂ ನಾಶವಾದುವು. ಬೀಗ ಕಳೆದಲ್ಲಿ ಕೀಲಿಕೈಯ ಪಾಂಡಿತ್ಯವೇಕೆ?

1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು ಇದೇ ಮೋಟೆಬೆನ್ನೂರಿನಲ್ಲಿ, 1911ರಲ್ಲಿ. 1921ರ ಗಣತಿಯಲ್ಲಿ ಅವರೂ ಒಬ್ಬ ಹುಡುಗನಾಗಿ ಎಣಿಕೆಗೆ ಬಂದಿರಬೇಕು. ಆ ಚೀಟಿ ಇಂದು ಎಲ್ಲಿ?

ಪರಕೀಯ ಸರಕಾರವು ತನ್ನ ನಾಡಿನ ಹೆಸರುಗಳನ್ನು ಕಾಪಿಟ್ಟು ನಮ್ಮ ನಾಡಿನವನ್ನು ರದ್ದಿಗೆ ಹಾಕಿತೆಂದು ದೂರಿದರೆ ಮುಗಿಯಲಿಲ್ಲ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯಿದೆಯ 15ನೆಯ ಕಲಮು ಈ ದಾಖಲೆಗಳನ್ನು ಯಾರೂ ನೋಡಕೂಡದೆಂದು ವಿಧಿಸಿತು. ಎಷ್ಟು ವರ್ಷದವರೆಗೆ ಎಂಬ ಅವಧಿಯನ್ನು ಮಾತ್ರ ಇಡಲಿಲ್ಲ. ಬದುಕಿರುವವರ ಗುಟ್ಟು ಕಾಯಲೆಂದು ಈ ಕಟ್ಟಳೆಯೆನ್ನುವವರ ಮಾತು ನ್ಯಾಯವೇ. ಸತ್ತು ಮೂರು ತಲೆ ಕಳೆದವರ ಗುಟ್ಟನ್ನು ಯಾರಿಂದ ಕಾಯಬೇಕು?

ಹೆಳವರಿದ್ದಾರಲ್ಲ, ಎತ್ತಿನ ಮೇಲೆ ಬಂದು ಗಂಟೆ ಬಾರಿಸಿ ವಂಶಾವಳಿ ಹೇಳುವವರು? ಹೊಲದ ಹಕ್ಕುದಾಖಲೆಯಲ್ಲಿ ವಾರಸಾ ನೋಂದು ಇದೆಯಲ್ಲ? ಇವೆ, ಹುಡುಕುವವರು ಮೊದಲು ಅಲ್ಲಿಗೇ ಹೋಗುವುದು ಮೇಲು. ಆದರೆ ಹೆಳವನು ಕಾಳು ಕೊಡಬಲ್ಲವರ ಬಾಗಿಲಿಗೆ ಬಂದನು. ಹಕ್ಕುದಾಖಲೆ ಭೂಮಿಯಿದ್ದವನನ್ನು ಬರೆಯಿತು. ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟು ಮುರಿದು ಹೊಟ್ಟೆ ಹೊರೆದ ಹೆಂಗಸಿನ ಹೆಸರು, ತುಂಡು ನೆಲವೂ ಇಲ್ಲದ ಕೂಲಿಯವನ ಹೆಸರು, ಒಡೆಯನ ಹೆಸರಿನ ಸರಿಸಮಕ್ಕೆ ಬಂದುದು ಖಾನೇಸುಮಾರಿಯ ಪಟ್ಟಿಯೊಂದರಲ್ಲಿಯೇ. ಸುಟ್ಟದ್ದು ಅವರ ಮನೆತನವನ್ನು.

2027ರ ಗಣತಿಯನ್ನು ಕಾಗದದ ಬದಲು ಯಂತ್ರದಲ್ಲಿ ಬರೆಸುವುದೆಂದು ಗೊತ್ತಾಗಿದೆ. ಅದರಲ್ಲಿ ಹೆಸರುಗಳನ್ನು ಅಳಿಸದೆ, ಮೊಹರು ಮಾಡಿ, ನೂರು ವರ್ಷದ ಮೇಲೆ ತೆರೆಯುವಂತೆ 15ನೆಯ ಕಲಮನ್ನು ತಿದ್ದಬೇಕು. ಜಿಲ್ಲೆಯ ಸಾಹಿತ್ಯಾಭಿಮಾನಿಗಳು ಶಾಸನಸಭೆಗೆ ಬರೆಯಬೇಕಾದ ಮನವಿ ಇದು.