ಹಳೆಯ ಕಾರು, ಹೊಸ ಕಾರು ಮತ್ತು ಊರಿನ ಗ್ಯಾರೇಜು

ವರ್ತಕನಿಗೆ ಕಾರು ದುಡಿಮೆಯ ಸಾಧನ. ಆದ್ದರಿಂದ ಹಳೆಯ ಕಾರು ಮೇಲೋ ಹೊಸ ಕಾರು ಮೇಲೋ ಎಂಬ ಪ್ರಶ್ನೆಯನ್ನು ಹಳೆಯದರ ಮೋಹ ಬಿಟ್ಟು ಖರ್ಚುವೆಚ್ಚದ ದೃಷ್ಟಿಯಿಂದ ಪರಿಶೀಲಿಸುವುದು ಸೂಕ್ತ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಆಧಾರದ ಮೇಲೆ ರೂಪುಗೊಂಡ ಅಂಬಾಸಿಡರ್, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಮೂಲ ರಚನೆ ಸರಳವಾಗಿತ್ತು. ಹಳೆಯ ಪೆಟ್ರೋಲ್ ಮಾದರಿಗಳಲ್ಲಿ ಕಾರ್ಬುರೇಟರ್ ಶುದ್ಧಗೊಳಿಸುವುದು, ಪಾಯಿಂಟ್ ಸರಿಪಡಿಸುವುದು, ಮುರಿದ ಪಟ್ಟಿ ಬದಲಿಸುವುದು ಮುಂತಾದ ಕೆಲಸಗಳಿಗೆ ಸ್ಪ್ಯಾನರುಗಳೂ ಅನುಭವಿ ಕೈಯೂ ಸಾಕಾಗುತ್ತಿದ್ದವು. ದುರಸ್ತಿಯ ಹಣ ಊರಿನಲ್ಲಿಯೇ ಉಳಿಯುತ್ತಿತ್ತು.

ಆದರೆ ಹಳೆಯದರ ಗುಣಗಾನಕ್ಕೂ ಮಿತಿಯುಂಟು. ಏರ್‌ಬ್ಯಾಗ್, ಚಕ್ರ ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಮೊದಲಾದ ಸುರಕ್ಷತೆಗಳು ಅಂದಿನ ಕಾರುಗಳಲ್ಲಿರಲಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದಿಂದ ಹೊಸ ವಾಹನಗಳ ಹೊಗೆಯೂ ಬಹಳಷ್ಟು ತಗ್ಗಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದಾದರೂ ಅವುಗಳನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ. ಹಿಂದಕ್ಕೆ ಮರಳುವ ಮಾರ್ಗ ವರ್ತಕನಿಗಿಲ್ಲ.

ತೊಡಕಿರುವುದು ಬೇರೆಡೆ. ಹೊಸ ವಾಹನದ ಎಂಜಿನ್ನನ್ನು ನಿಯಂತ್ರಿಸುವುದು ಇಸಿಯು ಎಂಬ ಗಣಕ. ಎಚ್ಚರಿಕೆಯ ದೀಪ ಹೊತ್ತಿಕೊಂಡರೆ ದೋಷದ ಸಂಕೇತವನ್ನು ಓದಲು ಸ್ಕ್ಯಾನರ್ ಬೇಕು. ಕೆಲವು ಕೆಲಸಗಳಿಗೆ ತಯಾರಕರ ತಂತ್ರಾಂಶವೇ ಬೇಕು. ಅದಿಲ್ಲದ ಗ್ಯಾರೇಜಿನವರು ಎಷ್ಟೇ ನುರಿತವರಾದರೂ ಕೈಚೆಲ್ಲಬೇಕಾಗುತ್ತದೆ. ಆಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ವಾಹನ ಹೊಸಪೇಟೆಯ ದಾರಿ ಹಿಡಿಯುತ್ತದೆ. ಹರಪನಹಳ್ಳಿಯದು ದಾವಣಗೆರೆಯತ್ತ ಸಾಗುತ್ತದೆ. ಸರಕು ವಾಹನಗಳ ಸ್ಥಿತಿಯೂ ಇದೇ. ಹಡಗಲಿಯ ಮಲ್ಲಿಗೆ ಬಾಡುವ ಮುನ್ನ ಮಾರುಕಟ್ಟೆ ಮುಟ್ಟಬೇಕು. ವಾಹನ ಒಂದು ದಿನ ನಿಂತರೆ ಆ ದಿನದ ಹೂವಿನ ಬೆಲೆಯೇ ಹೋಯಿತು.

ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕ ಸಂಸ್ಥೆಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಅಧಿಕ ದಂಡ ವಿಧಿಸಿ, ಬಿಡಿಭಾಗಗಳೂ ದೋಷಪರೀಕ್ಷಾ ಸಾಧನಗಳೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯಬೇಕೆಂದು ಆದೇಶಿಸಿತು. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತು ಸಲ್ಲದೆಂದೂ ಹೇಳಿತು. ಆದೇಶದ ವಿರುದ್ಧ ಮೇಲ್ಮನವಿಗಳು ಸಲ್ಲಿಕೆಯಾದವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅಂತರ್ಜಾಲ ತಾಣವನ್ನೂ ಆರಂಭಿಸಿತು. ಆದರೆ ಕಾಗದದ ಮೇಲಿನ ಹಕ್ಕು ತಾನಾಗಿ ಗ್ಯಾರೇಜಿನ ಬಾಗಿಲಿಗೆ ಬರುವುದಿಲ್ಲ.

ಇಲ್ಲಿ ವಾಣಿಜ್ಯ ಸಂಘಗಳ ಹೊಣೆ ದೊಡ್ಡದು. ಒಂದೇ ಗ್ಯಾರೇಜಿಗೆ ಭಾರವಾಗುವ ಉತ್ತಮ ಸ್ಕ್ಯಾನರನ್ನು ಹತ್ತು ಗ್ಯಾರೇಜುಗಳು ಕೂಡಿ ಕೊಳ್ಳಬಹುದು. ಅದಕ್ಕೆ ಸಂಘ ಮುಂದಾಳಾಗಬಹುದು. ಐಟಿಐಗಳ ನೆರವಿನಿಂದ ದುಡಿಯುವ ಮೆಕ್ಯಾನಿಕ್‌ಗಳಿಗೆ ಸಂಜೆಯ ತರಬೇತಿ ಏರ್ಪಡಿಸಬಹುದು. ವರ್ತಕರೂ ಹೊಸ ವಾಹನ ಕೊಳ್ಳುವಾಗ ಬೆಲೆ, ಮೈಲೇಜುಗಳ ಜೊತೆಗೆ, ಅದರ ದುರಸ್ತಿ ಎಲ್ಲಿ ಆಗುತ್ತದೆ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದು ವಿಚಾರಿಸಬೇಕು.

ಹೊಸ ಕಾರಿನ ಸುರಕ್ಷತೆಯೂ ಬೇಕು, ಹಳೆಯ ಕಾರಿಗೆ ಊರಿನಲ್ಲಿಯೇ ದೊರೆಯುತ್ತಿದ್ದ ದುರಸ್ತಿಯೂ ಬೇಕು. ಎರಡನ್ನೂ ಕೂಡಿಸದಿದ್ದರೆ ಈ ಐದು ತಾಲ್ಲೂಕುಗಳ ಗ್ಯಾರೇಜುಗಳು ಒಂದೊಂದಾಗಿ ಬಾಗಿಲು ಹಾಕಿಯಾವು. ಅದರ ನಷ್ಟ ಮೆಕ್ಯಾನಿಕ್‌ಗೆ ಎಷ್ಟೋ ವರ್ತಕನಿಗೂ ಅಷ್ಟೇ.