ಆರೋಗ್ಯ ವಿಚಾರ: ಸೊಂಟ ಹಿಡಿದಾಗ

ತುಂಬಿದ ಕೊಡವನ್ನು ಬಗ್ಗಿ ಎತ್ತುವಾಗಲೋ, ಮಗುವನ್ನು ಕಂಕುಳಿಗೆ ಎತ್ತಿಕೊಳ್ಳುವಾಗಲೋ ಥಟ್ಟನೆ ಸೊಂಟ ಹಿಡಿಯುವುದು ಯಾವ ಮನೆಗೂ ಹೊಸತಲ್ಲ. 2020ನೆಯ ಇಸವಿಯಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರು ಈ ನೋವನ್ನು ಅನುಭವಿಸಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನವರಿಗೆ ಹೀಗಾದಾಗ ಮೂರು ವಾರ ಅವರನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಅದನ್ನು ಉಪಚಾರವೆಂದೇ ನಾವು ನಂಬಿದ್ದೆವು. ಕಡೆಗೆ ನೋವು ಉಳಿದೇ ಇದ್ದಿತು. ಕಾಲಿನ ಬಲ ಕುಗ್ಗಿತ್ತು, ಬಗ್ಗಿದರೆ ಬೆನ್ನು ಮುರಿದೀತೆಂಬ ಅಂಜಿಕೆಯೂ ಸೇರಿತ್ತು. ಆ ತಪ್ಪು ನಮ್ಮದೇ. ವಾಚಕರ ಮನೆಗಳಲ್ಲಿ ಅದು ಮರುಕಳಿಸದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ಸೊಂಟದಲ್ಲಿ ಐದು ಕಶೇರುಗಳು ಒಂದರ ಮೇಲೊಂದು ಕುಳಿತಿವೆ. ನಡುನಡುವೆ ಮೆತ್ತನೆಯ ಬಿಲ್ಲೆಗಳು, ಹಿಂಬದಿಯಲ್ಲಿ ಚಿಕ್ಕ ಕೀಲುಗಳು, ಕೆಳಗೆ ತ್ರಿಕಾಸ್ಥಿ; ಸುತ್ತಲೂ ಸ್ನಾಯುಗಳ ಮತ್ತು ಕಟ್ಟುನಾರುಗಳ ಬಿಗಿ. ಇವುಗಳಲ್ಲಿ ಯಾವುದು ನೊಂದರೂ ಸೊಂಟವೇ ನೋಯುತ್ತದೆ. ಬಿಲ್ಲೆಯು ಉಬ್ಬಿ ನರವನ್ನು ಒತ್ತಿದರೆ ನೋವು ಮೊಣಕಾಲನ್ನು ದಾಟಿ ಪಾದದವರೆಗೆ ಹರಿಯುವುದುಂಟು. ಇದನ್ನು 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ವಿಶದಪಡಿಸಿದರು. ಆದರೆ ಬಹುಮಂದಿಯಲ್ಲಿ ಇಂಥದೇ ಅಂಗವೆಂದು ಬೆರಳಿಟ್ಟು ತೋರಿಸಲಾಗದು. ಹಾಗೆಂದು ನೋವು ಸುಳ್ಳಲ್ಲ.

ಕೈಯಿಂದಲೇ ಪರೀಕ್ಷಿಸಿ ಕೈಯಿಂದಲೇ ಚಿಕಿತ್ಸೆ ಮಾಡುವ ಆಸ್ಟಿಯೋಪತಿಯ ವಿಷಯವನ್ನು ಕೆಲವರು ಕೇಳಿರಬಹುದು. ಅಮೆರಿಕದ ಆಂಡ್ರೂ ಟೇಲರ್ ಸ್ಟಿಲ್ ಎಂಬವರು ಇದರ ಮೂಲಪುರುಷರು; 1892ರಲ್ಲಿ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆಯನ್ನು ತೆರೆದರು. ಈ ಪದ್ಧತಿಯವರು ಮೊದಲು ನೋವಿನ ಕಥೆಯನ್ನು ಸಾವಧಾನವಾಗಿ ಕೇಳುತ್ತಾರೆ. (ಈ ಒಂದು ಗುಣ ಎಲ್ಲ ವೈದ್ಯರಿಗೂ ಬಂದರೆ ಎಷ್ಟು ಚೆನ್ನ!) ಅನಂತರ ರೋಗಿಯನ್ನು ನಿಲ್ಲಿಸಿ, ಹಿಂದಿನಿಂದ ಹೆಗಲು ಸೊಂಟಗಳ ಮಟ್ಟವನ್ನು ನೋಡುತ್ತಾರೆ, ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬಗ್ಗಿಸುತ್ತಾರೆ. ಅಂಗಾತ ಮಲಗಿಸಿ, ಮಡಿಸದ ಕಾಲನ್ನು ಮೆಲ್ಲಗೆ ಎತ್ತುತ್ತಾರೆ. ಆಗ ನೋವು ಕಾಲಿಗೆ ಇಳಿದರೆ ನರದ ಮೇಲೆ ಅನುಮಾನ. ಪಾದದ ಬಲ, ಚರ್ಮದ ಸ್ಪರ್ಶಜ್ಞಾನಗಳನ್ನೂ ನೋಡುವುದುಂಟು. ಕಡೆಗೆ ಬೆರಳುಗಳಿಂದ ಮಾಂಸದ ಬಿಗಿತ, ಎಡಬಲಗಳ ವ್ಯತ್ಯಾಸ, ಕೀಲಿನ ಚಲನೆ, ಮುಟ್ಟಿದರೆ ನೋಯುವ ತಾಣ ಇವನ್ನು ಹುಡುಕುತ್ತಾರೆ.

ಇಲ್ಲಿ ನಾವು ಒಂದು ಮಾತು ಹೇಳಬೇಕು. ಒಂದೇ ಬೆನ್ನನ್ನು ಇಬ್ಬರು ಪಳಗಿದ ಪರೀಕ್ಷಕರು ಮುಟ್ಟಿ ನೋಡಿದರೂ ಅವರ ಅಭಿಪ್ರಾಯಗಳು ಹಲವು ವೇಳೆ ಕೂಡುವುದಿಲ್ಲ. ನೋವಿಲ್ಲದವರ ಬೆನ್ನೂ ತುಸು ಓರೆಯಾಗಿರುವುದು ಸಾಮಾನ್ಯ. ಆದುದರಿಂದ “ಮೂಳೆ ಜಾರಿದೆ, ಕೂಡಿಸುತ್ತೇನೆ” ಎನ್ನುವವರನ್ನು ನಂಬಲಾಗದು. ಇಂಗ್ಲೆಂಡಿನಲ್ಲಿ 2016ರಲ್ಲಿ ಹೊರಟ ವೈದ್ಯಸೂಚನೆಯು ಕೈಚಿಕಿತ್ಸೆಯನ್ನು ವ್ಯಾಯಾಮದೊಡನೆ ಮಾತ್ರವೇ ಪರಿಗಣಿಸಲು ಹೇಳಿತು. ಆಗುವಷ್ಟು ನಡೆದಾಡುತ್ತ ಮನೆಗೆಲಸಕ್ಕೆ ಮರಳುವುದು ಹಾಸಿಗೆಗಿಂತ ಮೇಲು. ಅಕ್ಕನವರೂ ಹಿತ್ತಿಲಿನವರೆಗೆ ನಡೆದು ಬರುವುದರಿಂದಲೇ ಆರಂಭಿಸಿ ಚೇತರಿಸಿಕೊಂಡರು.

ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಜೋಮು ಹಿಡಿದರೆ, ಕಾಲು ಸೋತು ಬಂದರೆ, ಯಾರ ಕೈಗೂ ಬೆನ್ನು ಕೊಡದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗತಕ್ಕದ್ದು. ನೋವಿನೊಡನೆ ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಹಿಂದೆ ಅರ್ಬುದರೋಗವಾಗಿದ್ದುದು, ವೃದ್ಧರಾದರೆ ಸಣ್ಣದಾಗಿ ಜಾರಿಬಿದ್ದುದು, ಇವಿದ್ದರೂ ವೈದ್ಯರಿಗೆ ಮರೆಮಾಚದೆ ತಿಳಿಸಬೇಕು. ಹಿರಿಯ ಹೆಂಗಸರು ಮೂತ್ರದ ಮಾತನ್ನು ನಾಚಿಕೆಯಿಂದ ನುಂಗಿಕೊಳ್ಳುವುದುಂಟು. ಮನೆಯವರೇ ಕೇಳಿ ತಿಳಿಯಬೇಕು.